ಪರೀಕ್ಷೆಗೋ, ಪೆಂಡಾಲಿಗೋ, ಸುಮ್ಮನೆಯೋ: ನಿಮ್ಮ ಸಂಗೀತದ ಗುರಿಯ ಬೇರು ಹುಡುಕುವ ಕ್ರಮ

ಜೂನ್‌ನಲ್ಲಿ ಹಾಸನದ ಸಂಗೀತ ಕ್ಲಾಸುಗಳಿಗೆ ಹೊಸದಾಗಿ ಸೇರುವವರನ್ನು ಯಾಕೆ ಬಂದಿರಿ ಎಂದು ಕೇಳಿ. ಉತ್ತರ ನಾಲ್ಕೈದೇ. ಸಂಗೀತದ ಜೂನಿಯರ್ ಪರೀಕ್ಷೆ (ಅದರ ಮುಂದಿನವು ಸೀನಿಯರ್, ವಿದ್ವತ್) ಕಟ್ಟಬೇಕು, ಗಣಪತಿ ಪೆಂಡಾಲಿನಲ್ಲಿ ಎರಡು ಹಾಡು ಹೇಳಬೇಕು, ಕೀಬೋರ್ಡಿನಲ್ಲಿ ಸಿನಿಮಾ ಹಾಡು ನುಡಿಸಬೇಕು, ಆಕಾಶವಾಣಿಯ ಆಡಿಷನ್ ಕೊಡಬೇಕು. ದೀಪಾವಳಿಯ ಸುಮಾರಿಗೆ ಹಾಸನಾಂಬೆ ಗುಡಿಯ ಬಾಗಿಲು ತೆರೆಯುವ ಹೊತ್ತಿಗೆ ಇವರಲ್ಲಿ ಹಲವರ ಶ್ರುತಿಪೆಟ್ಟಿಗೆ ಅಟ್ಟ ಸೇರಿರುತ್ತದೆ. ಮನೆಯವರು ಸೋಮಾರಿತನ ಅನ್ನುತ್ತಾರೆ. ಬಹಳ ಸಲ ಅದು ಸೋಮಾರಿತನವಲ್ಲ. ಬಾಯಲ್ಲಿ ಹೇಳಿದ ಗುರಿ ಒಂದು, ಒಳಗೆ ಬೇಕಾಗಿದ್ದದ್ದು ಇನ್ನೊಂದು, ದಿನಾ ಮಾಡಿದ ಅಭ್ಯಾಸ ಆ ಒಳಗಿನದಕ್ಕೆ ಒಂದು ತುತ್ತೂ ಹಾಕುತ್ತಿರಲಿಲ್ಲ.

ಒಳಗಿನದನ್ನು ಕಂಡುಹಿಡಿಯಲು ಧ್ಯಾನಕ್ಕೆ ಕೂರಬೇಕಿಲ್ಲ. ಕೂತು ಯೋಚಿಸಿದರೆ ಒಳ್ಳೆಯ ಮಾತುಗಳು ಹುಟ್ಟುತ್ತವೆ, ನಿಜ ಹುಟ್ಟುವುದು ಕಡಿಮೆ. ಯಾರೂ ಹೇಳದಿದ್ದಾಗ ನಿಮ್ಮ ಕೈ, ಗಂಟಲು, ಕಿವಿ ಎತ್ತ ಹೋಗುತ್ತವೆ ಎನ್ನುವುದನ್ನು ಗುರುತು ಹಾಕಿಕೊಳ್ಳಬೇಕು. ಅದಕ್ಕೆ 40 ಪುಟದ ಒಂದು ನೋಟ್‌ಬುಕ್, ಒಂದು ಪೆನ್ನು, ಸುಮಾರು ಆರು ವಾರ ಸಾಕು. ಫೋನಿನಲ್ಲಿ ಬರೆಯಬೇಡಿ. ಬರೆಯಲು ತೆಗೆದ ಫೋನು ಹತ್ತು ನಿಮಿಷ ನುಂಗಿಯೇ ಕೆಳಗಿಳಿಯುವುದು.

ಮೊದಲು ಗುರಿಯನ್ನು ಪೂರ್ತಿ ವಾಕ್ಯವಾಗಿ ಬರೆಯಿರಿ

"ಸಂಗೀತ ಕಲಿಯಬೇಕು" ಎನ್ನುವುದು ಗುರಿಯಲ್ಲ. ಏನು, ಎಲ್ಲಿ, ಯಾರೆದುರು, ಈ ಮೂರೂ ವಾಕ್ಯದಲ್ಲಿರಬೇಕು. "ಬರುವ ವರ್ಷ ಸೀನಿಯರ್ ಪಾಸಾಗಿ ಅಂಕಪಟ್ಟಿಯನ್ನು ಚಿಕ್ಕಪ್ಪನ ಮನೆಯಲ್ಲಿ ತೋರಿಸಬೇಕು" ಎಂದು ಬರೆದರೆ ಅದು ಗುರಿ. ನಗು ಬಂದರೂ ಪರವಾಗಿಲ್ಲ. "ಯಾರೆದುರು" ಎನ್ನುವ ಜಾಗವನ್ನು ಜನ ಖಾಲಿ ಬಿಡುತ್ತಾರೆ, ಹೆಚ್ಚು ಮಾಹಿತಿ ಸಿಗುವುದೂ ಅಲ್ಲೇ. ಯಾರ ಮುಖವೂ ನೆನಪಿಗೆ ಬಾರದಿದ್ದರೆ "ಯಾರೂ ಇಲ್ಲ" ಎಂದೇ ಬರೆಯಿರಿ, ಅದೂ ಉತ್ತರವೇ.

ಮೂರು ಪದಗಳಿಗೆ ಈ ಪುಟದಲ್ಲಿ ಪ್ರವೇಶವಿಲ್ಲ: ಆತ್ಮತೃಪ್ತಿ, ಕಲಾಸೇವೆ, ಪ್ಯಾಶನ್. ಸನ್ಮಾನ ಸಮಾರಂಭದ ಭಾಷಣದಲ್ಲಿ ಅವು ಚೆನ್ನ. ನಿಮ್ಮ ನೋಟ್‌ಬುಕ್ಕಿನಲ್ಲಿ ಅವು ಬಂದವೆಂದರೆ ಯಾವುದೋ ಸಣ್ಣ, ನಾಚಿಕೆಯ ಕಾರಣವನ್ನು ಶಾಲು ಹೊದಿಸಿ ಮುಚ್ಚಿದ್ದೀರಿ ಎಂದರ್ಥ. ಅಕ್ಕನಿಗಿಂತ ಚೆನ್ನಾಗಿ ಹಾಡಬೇಕು ಎನ್ನುವುದು ಕಾರಣವಾಗಿದ್ದರೆ ಅದನ್ನೇ ಬರೆಯಿರಿ. ಹೊಟ್ಟೆಕಿಚ್ಚಿಗೂ ಒಂದಷ್ಟು ದೂರ ಗಾಡಿ ಓಡಿಸುವ ಶಕ್ತಿಯಿದೆ. ಎಷ್ಟು ದೂರ ಎನ್ನುವುದು ಆಮೇಲಿನ ಪ್ರಶ್ನೆ.

ಹದಿನಾಲ್ಕು ದಿನದ ಲೆಕ್ಕ

ದಿನಕ್ಕೆ ಮೂರೇ ಸಾಲು. ಮೊದಲನೆಯದು, ಪಾಠವೆಂದು ಏನು ಮಾಡಬೇಕಿತ್ತು. ಎರಡನೆಯದು, ಎಷ್ಟನೇ ನಿಮಿಷಕ್ಕೆ ಗಡಿಯಾರ ನೋಡಿದಿರಿ. ಮೂರನೆಯದು, ಪಾಠ ಮುಗಿದ ಮೇಲೆ ಎದ್ದು ಹೋಗುವ ಮೊದಲು ಸುಮ್ಮನೆ ಏನು ಮಾಡಿದಿರಿ.

ಈ ಮೂರನೇ ಸಾಲೇ ಮುಖ್ಯ. ಜಂಟಿ ವರಸೆ (ಸ್ವರಗಳನ್ನು ಜೋಡಿಯಾಗಿ ಹೇಳುವ ಪಾಠ) ಮುಗಿಸಿದವರೊಬ್ಬರು ತಮಗೇ ಗೊತ್ತಿಲ್ಲದಂತೆ ಭಾವಗೀತೆಯ ಪಲ್ಲವಿಗೆ ಜಾರುತ್ತಾರೆ. ಇನ್ನೊಬ್ಬರು ಅದೇ ವರಸೆಯನ್ನು ಇನ್ನಷ್ಟು ಬೇಗ ಹೇಳಲಾಗುತ್ತದೆಯೇ ಎಂದು ನೋಡುತ್ತಾರೆ. ಮತ್ತೊಬ್ಬರು ರೆಕಾರ್ಡ್ ಮಾಡಿದ್ದನ್ನು ಎರಡು ಸಲ ಕೇಳಿ ಗುಂಪಿಗೆ ಹಾಕುತ್ತಾರೆ, ಆಮೇಲೆ ಯಾರು ನೋಡಿದರೆಂದು ಮೂರು ಸಲ ತೆಗೆದು ನೋಡುತ್ತಾರೆ. ಬೇರೊಬ್ಬರು ಏನನ್ನೂ ಹಾಡದೆ ತಂಬೂರಿಯ ಸದ್ದನ್ನು ಕೇಳುತ್ತ ಕೂರುತ್ತಾರೆ. ನಾಲ್ವರಿಗೂ ಪಾಠ ಒಂದೇ, ಕಾರಣ ನಾಲ್ಕು.

ಹದಿನಾಲ್ಕು ದಿನವೇ ಯಾಕೆಂದರೆ, ಒಂದು ವಾರದಲ್ಲಿ ಮದುವೆಯೋ ಜ್ವರವೋ ನುಗ್ಗಿ ಲೆಕ್ಕ ಕೆಡುತ್ತದೆ. ಕಾಫಿ ಸೀಮೆಯವರಿಗೆ ಇನ್ನೊಂದು ಎಚ್ಚರಿಕೆ: ಹಣ್ಣು ಕೊಯ್ಲಿನ ತಿಂಗಳುಗಳಲ್ಲಿ ಈ ಲೆಕ್ಕ ಶುರುಮಾಡಬೇಡಿ. ಡಿಸೆಂಬರ್, ಜನವರಿಯಲ್ಲಿ ಕಣದ ಕೆಲಸ ಮುಗಿಸಿ ಬಂದ ದೇಹ ನಿದ್ದೆ ಕೇಳುತ್ತದೆ, ಸಂಗೀತ ಬೇಡವಾಗಿದೆ ಎಂದು ನೀವು ತಪ್ಪಾಗಿ ಬರೆದುಕೊಳ್ಳುತ್ತೀರಿ.

"ಯಾಕೆ" ಎಂದು ಕೇಳಿಸಿಕೊಳ್ಳುವುದು, ಆದರೆ ಆ ಪದ ಬಿಟ್ಟು

ಯಂತ್ರ ಕೆಟ್ಟಾಗ ಐದು ಸಲ "ಯಾಕೆ" ಎಂದು ಕೇಳಿ ಮೂಲಕ್ಕೆ ಹೋಗುವ ಪದ್ಧತಿ ಜಪಾನಿನ ಟೊಯೊಟಾ ಕಾರ್ಖಾನೆಯಿಂದ ಹೆಸರಾಯಿತು. ಯಂತ್ರಕ್ಕೆ ಬೇಜಾರಾಗುವುದಿಲ್ಲ. ಮನುಷ್ಯನಿಗೆ, ಅದರಲ್ಲೂ ಕನ್ನಡದಲ್ಲಿ, "ಯಾಕೆ ಹಾಡ್ತೀಯ?" ಎಂದರೆ ಹಾಡಬೇಡ ಎಂದ ಹಾಗೇ ಕೇಳಿಸುತ್ತದೆ. ಎರಡನೇ "ಯಾಕೆ"ಗೇ ಉತ್ತರ ಕೊಡುವವರು ಸಮರ್ಥನೆಗೆ ಇಳಿಯುತ್ತಾರೆ. ಆದ್ದರಿಂದ "ಅದು ಆದ್ರೆ ಏನಾಗುತ್ತೆ?", "ಅದರಲ್ಲಿ ಯಾವುದು ಹಿಡಿಸುತ್ತೆ?" ಎಂದು ಕೇಳಿಸಿಕೊಳ್ಳಿ.

ಕೇಳುವವರು ಗುರುಗಳಾಗಲಿ ತಂದೆ ತಾಯಿಯಾಗಲಿ ಆಗಬಾರದು. ಅವರೆದುರು ಅವರಿಗೆ ಇಷ್ಟವಾಗುವ ಉತ್ತರವೇ ಬರುವುದು. ತಂಗಿ, ಭಾವಮೈದ, ಹಳೆಯ ಸಹಪಾಠಿ, ಇಂಥವರು ಸರಿ. ಮಾತು ಹೀಗೆ ಸಾಗಬಹುದು:

"ಸೀನಿಯರ್ ಪಾಸಾದ್ರೆ ಏನಾಗುತ್ತಣ್ಣ?"

"ಮುಂದೆ ವಿದ್ವತ್ ಕಟ್ಟಬಹುದು."

"ವಿದ್ವತ್ ಆದ್ಮೇಲೆ?"

"ಪಾಠ ಹೇಳಬಹುದು."

"ಪಕ್ಕದ್ಮನೆ ಮಗು ಕೇಳ್ದಾಗ ಆಗಲ್ಲ ಅಂದ್ಯಲ್ಲ?"

"ಹ್ಞೂಂ. ಪಾಠ ಹೇಳೋಕೆ ತಾಳ್ಮೆ ಇಲ್ಲ ಕಣೆ."

"ಮತ್ತೆ ಯಾವುದು ಹಿಡಿಸುತ್ತೆ?"

"ಮದುವೆ ಮನೇಲಿ ನಾಗಸ್ವರ ಕೇಳ್ದಾಗ ಇದು ಯಾವ ರಾಗ ಅಂತ ತಲೆ ತಿನ್ನುತ್ತೆ. ಗೊತ್ತಾಗೋ ತನಕ ಊಟ ಸೇರಲ್ಲ."

ಇಲ್ಲಿ ಗಮನಿಸಬೇಕಾದ್ದು ಕೊನೆಯ ಉತ್ತರವಲ್ಲ, ಅದಕ್ಕೂ ಮೊದಲು ಪ್ರಶ್ನೆಗಳ ಏಣಿ ಮುರಿದ ಜಾಗ. ಹೇಳುವ ಮಾತಿಗೂ ಈಗಾಗಲೇ ಮಾಡುತ್ತಿರುವುದಕ್ಕೂ ತಾಳೆಯಾಗದ ಕಡೆ ನಿಲ್ಲಬೇಕು, ಹಿಂದಕ್ಕೆ ಇಳಿದು ಬೇರೆ ಕೊಂಬೆ ಹಿಡಿಯಬೇಕು. ಈ ಅಣ್ಣನಿಗೆ ಬೇಕಿರುವುದು ಅಂಕಪಟ್ಟಿಯಲ್ಲ, ರಾಗ ಗುರುತಿಸುವ ಕಿವಿ. ಪರೀಕ್ಷೆಗೆಂದು ಕೃತಿಗಳನ್ನು ಬಾಯಿಪಾಠ ಮಾಡುತ್ತ ಹೋದರೆ ಆ ಕಿವಿ ತಾನಾಗಿ ಬರುವುದಿಲ್ಲ.

ಒಂದೊಂದನ್ನೇ ತೆಗೆದು ನೋಡಿ

ಈಗ ನಿಮ್ಮ ಕೈಯಲ್ಲಿ ಒಂದು ಅನುಮಾನ ಇದೆ. ಅದನ್ನು ಪರೀಕ್ಷಿಸಲು ಒಂದೊಂದು ವಾರ ಒಂದೊಂದನ್ನು ಬಿಡಿ, ಎರಡನ್ನು ಒಟ್ಟಿಗೆ ಬಿಟ್ಟರೆ ಯಾವುದರಿಂದ ಏನಾಯಿತು ಎಂದು ತಿಳಿಯದು. ಒಂದು ವಾರ ರೆಕಾರ್ಡಿಂಗ್, ಸ್ಟೇಟಸ್ ಯಾವುದೂ ಬೇಡ. ಅಭ್ಯಾಸದ ಹೊತ್ತು ಅರ್ಧಕ್ಕಿಳಿದರೆ ನಿಮಗೆ ಕೇಳುಗರು ಬೇಕು, ಅದರಲ್ಲಿ ತಪ್ಪೇನಿಲ್ಲ. ಇನ್ನೊಂದು ವಾರ ಪರೀಕ್ಷೆಯ ಪಟ್ಟಿಯ ಹಾಡು ಬಿಟ್ಟು ಮನಸ್ಸಿಗೆ ಬಂದದ್ದನ್ನು ಹಾಡಿ. ಮೂರನೇ ವಾರ ಒಬ್ಬರೇ ಹಾಡುವುದನ್ನು ಬಿಟ್ಟು ಭಜನೆ ಮಂಡಳಿಗೆ ಹೋಗಿ ಬನ್ನಿ. ಹೋಗಿಬಂದ ರಾತ್ರಿ ನಿದ್ದೆ ಚೆನ್ನಾಗಿ ಬಂದಿದ್ದರೆ ಅದನ್ನೂ ಬರೆದಿಡಿ.

ನಿಮ್ಮ ಕಾರಣ ಮನೆಯವರಿಂದ ಬಂದ ಎರವಲು ಎಂದು ಗೊತ್ತಾದರೆ ಗಾಬರಿ ಬೇಡ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ನೋಡಿ. ಕಾವೇರಿ ದಂಡೆಯ ಆ ಸಣ್ಣ ಊರಿನಿಂದ ಎಷ್ಟೊಂದು ಸಂಗೀತಗಾರರು ಬಂದರು, ಈಗ ಅಲ್ಲಿ ತಂಬೂರಿಯ ಆಕಾರದ ಗುಡಿಯೇ ಇದೆ. 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದರು. ಅಂಥ ಊರಿನ ಮಕ್ಕಳಿಗೆ ಸಂಗೀತ ಮನೆಯ ಹವೆಯಲ್ಲೇ ಇರುತ್ತದೆ, ತಾನು ಯಾಕೆ ಹಾಡುತ್ತೇನೆಂದು ಕೇಳಿಕೊಳ್ಳುವ ಸಂದರ್ಭವೇ ಬೇಗ ಬರುವುದಿಲ್ಲ. ಮನೆಯವರಿಂದ ಪಡೆದ ಕಾರಣ ಬರುಬರುತ್ತ ಸ್ವಂತದ್ದಾಗಬಹುದು. ಆಗಿದೆಯೋ ಇಲ್ಲವೋ ಎಂದು ನಿಮ್ಮ ಮೂರನೇ ಸಾಲೇ ಹೇಳುತ್ತದೆ.

ಆಸಕ್ತಿ ಹೋಗಿಲ್ಲ, ಮೃದಂಗ ಒದ್ದೆಯಾಗಿದೆ

ಕಾರಣ ಹುಡುಕುವ ಅವಸರದಲ್ಲಿ ಇದನ್ನು ಮರೆಯುತ್ತಾರೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಮಳೆಯಲ್ಲಿ ಮೃದಂಗದ ಚರ್ಮ ತೇವ ಹೀರಿ ಸಡಿಲಾಗುತ್ತದೆ, ಶ್ರುತಿ ಇಳಿಯುತ್ತದೆ, ಕಲ್ಲಿನಿಂದ ಕುಟ್ಟಿ ಕುಟ್ಟಿ ಏರಿಸುವಷ್ಟರಲ್ಲಿ ಅರ್ಧ ಗಂಟೆ ಹೋಗುತ್ತದೆ. ಪಿಟೀಲಿನ ತಂತಿ ಬಿಗಿಸುವ ಬಿರಡೆ ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ. ಅದೇ ಬಿರಡೆ ಅರಸೀಕೆರೆಯ ಮಾರ್ಚ್ ಒಣಹವೆಗೆ ಸಡಿಲಾಗಿ ಜಾರುತ್ತದೆ. ಹಾರ್ಮೋನಿಯಂನ ತಿದಿಯಲ್ಲಿ ಗಾಳಿ ಸೋರುತ್ತಿದ್ದರೆ ಕೈ ಸೋಲುತ್ತದೆ, ಮನಸ್ಸು ಸೋತಿತು ಅಂದುಕೊಳ್ಳುತ್ತೇವೆ. ಹಾಡುವವರಲ್ಲಿ ಸಾಮಾನ್ಯವಾದ ತೊಂದರೆ ತಪ್ಪು ಶ್ರುತಿ. ಗಂಡಸರಿಗೆ ಹಾರ್ಮೋನಿಯಂ ಕೀಲಿಯ ಲೆಕ್ಕದಲ್ಲಿ ಒಂದರಿಂದ ಎರಡನೇ ಮನೆ, ಹೆಂಗಸರಿಗೆ ಐದು ಆರರ ಆಸುಪಾಸು ಎನ್ನುವುದು ಬರೀ ಅಂದಾಜು. ತಾರಷಡ್ಜದಲ್ಲಿ (ಮೇಲಿನ ಸ) ಕತ್ತಿನ ನರ ಉಬ್ಬಿದರೆ ಅರ್ಧ ಮನೆ ಇಳಿಸಿ ಹತ್ತು ದಿನ ಹಾಡಿ. ಬೇಸರ ಹೋಯಿತೆಂದರೆ ಕೊರತೆ ಶ್ರುತಿಯಲ್ಲಿತ್ತು, ನಿಮ್ಮಲ್ಲಿರಲಿಲ್ಲ.

ಕಾರಣ ಸಿಕ್ಕ ಮೇಲೆ ದಿನದ 45 ನಿಮಿಷ

ಕೇಳುಗರು ಬೇಕು ಎನ್ನುವವರು ಮೂವತ್ತು ಹಾಡು ಕಲಿಯುವ ಬದಲು ಮೂರು ಹಾಡನ್ನು ಆರು ತಿಂಗಳು ಹಾಡಲಿ. ಅದರಲ್ಲಿ 15 ನಿಮಿಷ ನಿಂತುಕೊಂಡೇ, ಕೈಯಲ್ಲಿ ಮೈಕಿನಷ್ಟು ಭಾರದ ಏನಾದರೂ ಹಿಡಿದು. ಪೆಂಡಾಲಿನಲ್ಲಿ ಕೆಡುವುದು ಹೆಚ್ಚಾಗಿ ರಾಗವಲ್ಲ, ಎತ್ತುಗಡೆ, ಎಂದರೆ ಹಾಡು ಎತ್ತಿಕೊಳ್ಳುವ ಶ್ರುತಿ. ನಿಮ್ಮ ದನಿ ನಿಮಗೇ ಕೇಳಿಸದಷ್ಟು ಸದ್ದಿರುತ್ತದೆ, ಸ್ಪೀಕರು ಜನರ ಕಡೆ ತಿರುಗಿರುತ್ತದೆ. ಸಿನಿಮಾ ಹಾಡಿನ ಮೂಲ ಶ್ರುತಿ ಆ ಹಿನ್ನೆಲೆ ಗಾಯಕರ ಗಂಟಲಿಗೆ ಹೊಂದಿಸಿದ್ದು, ನಿಮ್ಮದಕ್ಕಲ್ಲ. ಪಲ್ಲವಿ ಸಲೀಸಾಗಿ ಹೋಗಿ ಚರಣದಲ್ಲಿ ದನಿ ಒಡೆಯುತ್ತದೆ. ಮನೆಯಲ್ಲೇ ಚರಣದ ಎತ್ತರದ ಸಾಲನ್ನು ಹಾಡಿ ಶ್ರುತಿ ನಿರ್ಧರಿಸಿ, ಕೀಬೋರ್ಡಿನವರಿಗೆ ಮುಂಚಿನ ದಿನವೇ ತಿಳಿಸಿ. ವೇದಿಕೆ ಹತ್ತಿದ ಮೇಲೆ "ಸ್ವಲ್ಪ ಕೆಳಗೆ ಹಾಕಿ ಅಣ್ಣ" ಎಂದರೆ ಅವರಿಗೂ ಸಿಟ್ಟು ಬರುತ್ತದೆ.

ಕೈಚಳಕ, ವೇಗ, ಕಷ್ಟದ್ದನ್ನು ಗೆಲ್ಲುವುದು ಹಿಡಿಸುವವರಿಗೆ ಅಳತೆ ಬೇಕು. ಸರಳೆ ವರಸೆಯನ್ನು (ಮೊದಲ ಸ್ವರಪಾಠ) ಮೂರು ಕಾಲದಲ್ಲಿ, ಎಂದರೆ ಮೂರು ವೇಗದಲ್ಲಿ, ಹೇಳುವಾಗ ತಾಳದ ನಡೆ ಬದಲಾಗಬಾರದು. ತಾಳದ ಒಂದು ಅಕ್ಷರಕ್ಕೆ (ಒಂದು ಎಣಿಕೆಗೆ) ಮೊದಲು ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ಹೆಚ್ಚಿನವರು ಸ್ವರ ದುಪ್ಪಟ್ಟು ಮಾಡುವ ಬದಲು ತಾಳವನ್ನೇ ಓಡಿಸುತ್ತಾರೆ, ಮೂರನೇ ಕಾಲ ಬಂದೇಬಿಟ್ಟಿತು ಎಂದು ಹಿಗ್ಗುತ್ತಾರೆ. ತಾಳದ ನಡೆಯನ್ನು ಟಿಕ್ ಟಿಕ್ ಎಂದು ತೋರಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 40 ಬಡಿತಕ್ಕೆ ಇಡಿ. ಎಂಟು ಅಕ್ಷರದ ಒಂದು ಆವರ್ತಕ್ಕೆ (ತಾಳದ ಒಂದು ಸುತ್ತಿಗೆ) ಆಗ 12 ಸೆಕೆಂಡು. ಮೂರೂ ಕಾಲ ಸತತ ಮೂರು ಸಲ ತಪ್ಪಿಲ್ಲದೆ ಬಂದರೆ ಮಾತ್ರ 4 ಏರಿಸಿ, ತಪ್ಪಿದರೆ 4 ಇಳಿಸಿ. 60ರಲ್ಲಿ ಮೂರನೇ ಕಾಲ ಎಂದರೆ ಸೆಕೆಂಡಿಗೆ ನಾಲ್ಕು ಸ್ವರ, ಅಲ್ಲಿಗೆ ಬಂದಾಗ ಹಿಂದಿನ ಪುಟ ತಿರುಗಿಸಿ ನೋಡುವುದೇ ಇಂಥವರಿಗೆ ಬಹುಮಾನ.

ನಾಗಸ್ವರದ ರಾಗಕ್ಕೆ ತಲೆ ಕೆಡಿಸಿಕೊಳ್ಳುವ ಅಣ್ಣನಂಥವರು 45ರಲ್ಲಿ 25 ನಿಮಿಷ ಕೇಳುವುದಕ್ಕೇ ಇಡಬೇಕು, ಜೋಡಿಯಾಗಿ. ಶಂಕರಾಭರಣ ಮತ್ತು ಕಲ್ಯಾಣಿಗೆ ಸ್ವರಗಳಲ್ಲಿ ವ್ಯತ್ಯಾಸ ಮಧ್ಯಮ (ಮ) ಒಂದೇ, ಮೋಹನದ ಧೈವತದ (ದ) ಜಾಗದಲ್ಲಿ ಕಾಕಲಿ ನಿಷಾದ (ಎತ್ತರದ ನಿ) ಬಂದರೆ ಹಂಸಧ್ವನಿ. ಒಂದು ಜೋಡಿಗೆ ಎರಡು ವಾರ. ಮೊದಲು ಹೆಸರು ನೋಡದೆ ಕೇಳಿ ಊಹೆ ಬರೆಯಿರಿ, ಆಮೇಲೆ ನೋಡಿ.

ಜೊತೆಗಾರರಿಗಾಗಿ ಹಾಡುವವರಿಗೆ ಒಂಟಿ ಅಭ್ಯಾಸ ಶಿಕ್ಷೆ. ದಿನಕ್ಕೆ 15 ನಿಮಿಷ ಸಾಕು, ಉಳಿದದ್ದನ್ನು ಒಟ್ಟುಗೂಡಿಸಿ ವಾರಕ್ಕೊಮ್ಮೆ ಮಂಡಳಿಗೆ ಕೊಡಲಿ, ತಾಳ ಹಾಕುವುದನ್ನೂ ಕಲಿಯಲಿ. ಸಮಾಧಾನಕ್ಕಾಗಿ ಹಾಡುವವರು ಅಳತೆಯ ಗೊಡವೆಗೇ ಹೋಗಬಾರದು.

ಮಕ್ಕಳ ವಿಷಯ

ಎಂಟು ವರ್ಷದ ಮಗುವಿಗೆ ಈ ಪ್ರಶ್ನೆಗಳನ್ನು ಹಾಕಬೇಡಿ. ಸ್ನಾನದ ಮನೆಯಲ್ಲಿ ಏನು ಗುನುಗುತ್ತದೆ ಎಂದು ಹೊರಗೆ ನಿಂತು ಕೇಳಿ, ಅಷ್ಟು ಸಾಕು. ಬಹುಮಾನದ ಆಸೆ ತೋರಿಸುವ ಮೊದಲು ಒಂದು ಪ್ರಯೋಗ ನೆನಪಿರಲಿ. ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರವೊಂದರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ನಡೆಸಿ 1973ರಲ್ಲಿ ಪ್ರಕಟಿಸಿದ್ದು. ಚಿತ್ರ ಬರೆಯಲು ಮೊದಲೇ ಇಷ್ಟಪಡುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಆಮೇಲೆ ಬಿಡುವಿನಲ್ಲಿ ಆ ಮಕ್ಕಳು ಚಿತ್ರ ಬರೆದದ್ದು ಉಳಿದವರಿಗಿಂತ ಕಡಿಮೆ. ಹೇಳದೆ ಕೊನೆಗೆ ಕೊಟ್ಟವರಲ್ಲಿ ಹಾಗಾಗಲಿಲ್ಲ. ಹಾಡಿದ ಮೇಲೆ ದೋಸೆ ಕೊಡಿಸಿ, ಹಾಡಿದರೆ ದೋಸೆ ಎನ್ನಬೇಡಿ.

ಗುರುಗಳಿಗೆ ಹೇಳುವುದು

ಕಷ್ಟದ ಹೆಜ್ಜೆ ಇದೇ. "ಪರೀಕ್ಷೆ ಬೇಡ ಮೇಷ್ಟ್ರೇ" ಎಂದರೆ ಪಾಠವೇ ಬೇಡ ಎಂದು ಕೇಳಿಸಬಹುದು. ಬೇಡದ್ದನ್ನು ಹೇಳುವ ಬದಲು ಬೇಕಾದ್ದನ್ನು ಕೇಳಿ: "ವಾರದಲ್ಲಿ ಒಂದು ಕ್ಲಾಸು ರಾಗ ಗುರುತಿಸೋದಕ್ಕೆ ಇಟ್ಕೊಳ್ಳೋಣವೇ? ಉಳಿದದ್ದು ತಾವು ಹೇಳಿದ ಹಾಗೇ." ಎಲ್ಲರ ಮುಂದೆ ಬೇಡ, ಕ್ಲಾಸು ಮುಗಿದು ಉಳಿದವರು ಹೋದ ಮೇಲೆ ಕೇಳಿ. ನೋಟ್‌ಬುಕ್ ಕೈಯಲ್ಲಿರಲಿ. ಎರಡು ವಾರದ ಲೆಕ್ಕ ಕಂಡರೆ ಇದು ನೆಪವಲ್ಲ ಎಂದು ಅವರಿಗೂ ಗೊತ್ತಾಗುತ್ತದೆ. ಒಪ್ಪದಿದ್ದರೆ ವಾದ ಬೇಡ, ಆ ಒಂದು ದಿನದ ಕೆಲಸವನ್ನು ಮನೆಯಲ್ಲಿ ಆರು ವಾರ ಮಾಡಿ, ಕಿವಿ ಎಷ್ಟು ಸುಧಾರಿಸಿತೆಂದು ತೋರಿಸಿ ಮತ್ತೆ ಕೇಳಿ. ಏನೇ ಆದರೂ ಪರೀಕ್ಷೆಯ ಫಾರಂ ತುಂಬುವ ಮೊದಲೇ ಹೇಳಿ. ಶುಲ್ಕ ಕಟ್ಟಿ, ಅವರು ನಿಮಗಾಗಿ ಹಾಡಿನ ಪಟ್ಟಿ ಮಾಡಿಟ್ಟ ಮೇಲೆ ಹೇಳಿದರೆ ಆ ವರ್ಷ ಪರೀಕ್ಷೆ ಬರೆದು ಮುಗಿಸುವುದೇ ಮರ್ಯಾದೆ.