ಇಂಗ್ಲೆಂಡಿನ ಹಳ್ಳಿಗಾಡಿನ ಕ್ಷೇತ್ರವೊಂದರ ಜಾತಕ ಓದುವುದು ಹೇಗೆ?

ಇಂಗ್ಲೆಂಡಿನಲ್ಲಿ ನೆಲೆಸಿರುವ ಬಹಳಷ್ಟು ಕನ್ನಡಿಗರಿಗೆ ಅಲ್ಲಿ ಮತ ಹಾಕುವ ಹಕ್ಕಿದೆ. ಭಾರತದ ಪೌರತ್ವ ಬಿಡಬೇಕಾಗಿಲ್ಲ, ಕಾಮನ್‌ವೆಲ್ತ್ ನಾಗರಿಕರಿಗೆ ಅಲ್ಲಿ ಈ ಅವಕಾಶ ಇದೆ. ಆದರೆ ಹಳ್ಳಿಗಾಡಿನ ಕಡೆ ಮನೆ ಮಾಡಿದವರು ಕಳೆದ ಸಲದ ಗೆಲುವಿನ ಅಂತರ ನೋಡಿ, 'ಇದು ಕನ್ಸರ್ವೇಟಿವ್ ಕೋಟೆ, ನಮ್ಮ ಒಂದು ಓಟಿನಿಂದ ಏನಾಗುತ್ತೆ' ಅಂತ ಸುಮ್ನಾಗಿಬಿಡುತ್ತಾರೆ. ಕ್ಷೇತ್ರದ ಚರಿತ್ರೆ ಓದುವ ರೀತಿ ಅದಲ್ಲ. ಡೆವನ್ ಕೌಂಟಿಯ ಟಾಟ್ನೆಸ್ ಕ್ಷೇತ್ರವನ್ನೇ ತೆಗೆದುಕೊಳ್ಳೋಣ.

ಹಂತ 1: ಹೆಸರು ಮತ್ತು ಗಡಿ ನೋಡಿ. 1983ರಲ್ಲಿ ಇದು ಸೌತ್ ಹ್ಯಾಮ್ಸ್, 1997ರಲ್ಲಿ ಟಾಟ್ನೆಸ್, 2024ರಿಂದ ಸೌತ್ ಡೆವನ್. ಗಡಿ ಬದಲಾದರೆ ಹಳೆಯ ಅಂಕಿಯನ್ನು ಹೊಸದರ ಪಕ್ಕ ಇಟ್ಟು ಹೋಲಿಸಬೇಡಿ. ಹೊಸ ಗಡಿಗೆ ಹೊಂದಿಸಿ ಲೆಕ್ಕ ಹಾಕಿದ ಅಂದಾಜು ಫಲಿತಾಂಶ ಅಲ್ಲಿನ ಸಂಸತ್ತಿನ ಹೌಸ್ ಆಫ್ ಕಾಮನ್ಸ್ ಲೈಬ್ರರಿಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ.

ಹಂತ 2: ಗೆದ್ದವರನ್ನು ಬಿಟ್ಟು ಸೋತವರನ್ನು ಓದಿ. 1997ರಲ್ಲಿ ಇಲ್ಲಿ ಕನ್ಸರ್ವೇಟಿವ್ ಗೆದ್ದದ್ದು ಸಾವಿರಕ್ಕಿಂತ ಕಡಿಮೆ ಮತಗಳಿಂದ. 2015ರಲ್ಲಿ ಅಂತರ 18 ಸಾವಿರ ದಾಟಿತು. ಕೋಟೆ ಗಟ್ಟಿಯಾಯಿತು ಅಂತಲ್ಲ. ಎರಡನೇ ಸ್ಥಾನದಲ್ಲಿರುತ್ತಿದ್ದ ಲಿಬರಲ್ ಡೆಮಾಕ್ರಾಟರ ಮತ ಕುಸಿದು, ಉಳಿದದ್ದು ನಾಲ್ಕು ಪಾಲಾಗಿತ್ತು. ಒಂಬತ್ತು ವರ್ಷದಲ್ಲಿ ಅದೇ ಪಕ್ಷ ಈ ಕ್ಷೇತ್ರವನ್ನು ಗೆದ್ದಿತು.

ಇಲ್ಲೊಂದು ಎಚ್ಚರಿಕೆ. ಬಾಗಿಲಿನ ಸಂದಿಯಿಂದ ಬೀಳುವ ಪಕ್ಷದ ಕರಪತ್ರದಲ್ಲಿ ಮತಗಳ ಲೆಕ್ಕ ತೋರಿಸುವ ಕಂಬದ ಚಿತ್ರ (ಬಾರ್ ಚಾರ್ಟ್) ನೋಡಿ ತೀರ್ಮಾನಕ್ಕೆ ಬರಬೇಡಿ. 'ಇಲ್ಲಿ ಗೆಲ್ಲೋದು ನಾವು ಮಾತ್ರ' ಅಂತ ಬರೆದಿರುತ್ತಾರೆ. ಕಂಬದ ಎತ್ತರಕ್ಕೂ ಅಂಕಿಗೂ ಎಷ್ಟೋ ಸಲ ತಾಳೆ ಇರುವುದಿಲ್ಲ. ಕೆಳಗಿನ ಸಣ್ಣ ಅಕ್ಷರ ಓದಿದರೆ ಕೆಲವೊಮ್ಮೆ ಅದು ಸ್ಥಳೀಯ ಕೌನ್ಸಿಲ್ ಚುನಾವಣೆಯ ಲೆಕ್ಕವಾಗಿರುತ್ತದೆ. ಅಂಥದ್ದನ್ನು ನೇರ ಕಸದ ಬುಟ್ಟಿಗೆ ಹಾಕಿ.

ಹಂತ 3: ಅಭ್ಯರ್ಥಿಯನ್ನು ಆರಿಸಿದ್ದು ಯಾರು? ಜಾಸ್ತಿ ಜನ ಎಡವುವುದು ಇಲ್ಲೇ. ನಮ್ಮಲ್ಲಿ ಟಿಕೆಟ್ ಹೈಕಮಾಂಡ್ ಕೈಯಲ್ಲಿರುತ್ತದೆ, ಅಲ್ಲೂ ಹಾಗೇ ಅಂದುಕೊಳ್ಳುತ್ತಾರೆ. ಕನ್ಸರ್ವೇಟಿವ್ ಪಕ್ಷದಲ್ಲಿ ಕೇಂದ್ರ ಕಚೇರಿ ಒಪ್ಪಿದ ಹೆಸರುಗಳ ಪಟ್ಟಿ ಇರುತ್ತದೆ, ನಿಜ. ಆದರೆ ಅದರಿಂದ ಸೋಸಿದ ಕೆಲವರಲ್ಲಿ ಒಬ್ಬರನ್ನು ಸಾಮಾನ್ಯವಾಗಿ ಕ್ಷೇತ್ರದ ಪಕ್ಷದ ಸದಸ್ಯರೇ ಸಭೆ ಸೇರಿ ಮತ ಹಾಕಿ ಆರಿಸುತ್ತಾರೆ. ಗಟ್ಟಿ ಕ್ಷೇತ್ರದಲ್ಲಿ ಮುಂದಿನ ಸಂಸದರು ಯಾರೆಂದು ಆ ಸಭೆಯಲ್ಲೇ ತೀರ್ಮಾನವಾದ ಹಾಗೆ.

ಟಾಟ್ನೆಸ್‌ನಲ್ಲಿ 2009ರಲ್ಲಿ ಈ ಬಾಗಿಲು ಎಲ್ಲರಿಗೂ ತೆರೆಯಿತು. 1983ರಿಂದ ಇಲ್ಲಿನ ಸಂಸದರಾಗಿದ್ದ ಕನ್ಸರ್ವೇಟಿವ್ ಪಕ್ಷದ ಆಂಟನಿ ಸ್ಟೀನ್, ಸಂಸದರು ಸ್ವಂತ ಖರ್ಚನ್ನು ಸರ್ಕಾರಿ ಹಣದಿಂದ ಪಡೆದ ಭತ್ಯೆ ಹಗರಣದ ನಂತರ ಮತ್ತೆ ನಿಲ್ಲುವುದಿಲ್ಲ ಎಂದರು. ಕನ್ಸರ್ವೇಟಿವ್ ಪಕ್ಷ ಮೂವರ ಹೆಸರಿನ ಮತಪತ್ರವನ್ನು ಕ್ಷೇತ್ರದ ಪ್ರತಿಯೊಬ್ಬ ಮತದಾರರಿಗೂ ಅಂಚೆಯಲ್ಲಿ ಕಳಿಸಿತು, ಯಾವ ಪಕ್ಷದವರು ಅಂತ ನೋಡಲಿಲ್ಲ. 16,497 ಜನ ವಾಪಸ್ ಕಳಿಸಿದರು, ಅಂದರೆ ಸುಮಾರು ಕಾಲು ಭಾಗ. ಕಣದಲ್ಲಿದ್ದ ಇಬ್ಬರು ಪಳಗಿದ ಸ್ಥಳೀಯ ನಾಯಕರು: ಟೋರ್‌ಬೇ ಮೇಯರ್ ನಿಕ್ ಬೈ, ಈಸ್ಟ್ ಡೆವನ್ ಕೌನ್ಸಿಲ್ ಮುಖ್ಯಸ್ಥೆ ಸಾರಾ ರಾಂಡಲ್ ಜಾನ್ಸನ್. ಗೆದ್ದದ್ದು 7,914 ಮತ ಪಡೆದ ಡೆವನ್‌ನ ವೈದ್ಯೆ ಸಾರಾ ವುಲಾಸ್ಟನ್. ಜನ ಆರಿಸಿದ ಈಕೆ ಸಂಸತ್ತಿನಲ್ಲಿ ಪಕ್ಷದ ಮಾತು ಮೀರಿಯೂ ಮತ ಹಾಕಿದರು. 2019ರಲ್ಲಿ ಪಕ್ಷವನ್ನೇ ಬಿಟ್ಟರು. ಅಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ, ಸೀಟು ಹೋಗಲಿಲ್ಲ. ಆದರೆ ಅದೇ ಡಿಸೆಂಬರ್‌ನಲ್ಲಿ ಲಿಬರಲ್ ಡೆಮಾಕ್ರಾಟ್ ಆಗಿ ನಿಂತಾಗ ಸೋತರು.

ಅಂಚೆ ಪ್ರಯೋಗಕ್ಕೆ ಸುಮಾರು 40 ಸಾವಿರ ಪೌಂಡ್ ಹಿಡಿಯಿತು. ಗಾಸ್ಪೋರ್ಟ್ ಕ್ಷೇತ್ರದಲ್ಲಿ ಇನ್ನೊಮ್ಮೆ, 2014ರಲ್ಲಿ ರಾಚೆಸ್ಟರ್ ಮತ್ತು ಸ್ಟ್ರೂಡ್ ಉಪಚುನಾವಣೆಗೆ ಮತ್ತೊಮ್ಮೆ ಮಾಡಿ ಕೈಬಿಟ್ಟರು. ಕೈಬಿಟ್ಟದ್ದು ದೊಡ್ಡ ತಪ್ಪು ಅನ್ನುವುದು ನನ್ನ ಖಚಿತ ಅಭಿಪ್ರಾಯ. 2024ಕ್ಕೆ ಮುಂಚೆ ಇಲ್ಲಿನ ಜನ ತಾವೇ ಊರೂರಲ್ಲಿ ಸಭೆ ನಡೆಸಿ, ಕನ್ಸರ್ವೇಟಿವ್ ವಿರುದ್ಧ ಯಾರಿಗೆ ಬಲ ಕೊಡಬೇಕು ಅಂತ ಮತ ಹಾಕಿದರು. ಅಲ್ಲಿ ಮುಂದೆ ಬಂದ ಲಿಬರಲ್ ಡೆಮಾಕ್ರಾಟ್ ಕ್ಯಾರೊಲಿನ್ ವೋಡೆನ್ ಈಗ ಸಂಸದೆ.

ನಿಮ್ಮ ಕ್ಷೇತ್ರಕ್ಕೂ ಇದೇ ಪ್ರಶ್ನೆ ಕೇಳಿ: ಅಭ್ಯರ್ಥಿ ಆಯ್ಕೆಯ ಕೊನೆಯ ಸುತ್ತಿನಲ್ಲಿ ಎಷ್ಟು ಹೆಸರಿತ್ತು, ಮತ ಹಾಕಿದ್ದು ಯಾರು? ಸ್ಥಳೀಯ ಪತ್ರಿಕೆಯ ಹಳೆಯ ವರದಿಗಳಲ್ಲಿ ಸಿಗುತ್ತದೆ.

ಹಂತ 4: ನಾಮಪತ್ರ ಸಲ್ಲಿಸಿದವರ ಪಟ್ಟಿ ಕೌನ್ಸಿಲ್ ಜಾಲತಾಣದಲ್ಲಿರುತ್ತದೆ. ಅಭ್ಯರ್ಥಿ ಮನೆ ವಿಳಾಸ ಕೊಡದಿದ್ದರೆ ಯಾವ ಕ್ಷೇತ್ರದ ನಿವಾಸಿ ಅಂತಾದರೂ ಅಲ್ಲಿ ಬರೆದಿರುತ್ತದೆ.

ಹಂತ 5: ಮತದಾನಕ್ಕೆ 12 ಕೆಲಸದ ದಿನ ಮುಂಚೆಯೇ ಹೆಸರು ನೋಂದಾಯಿಸಿ. ಮತಗಟ್ಟೆಗೆ ಫೋಟೊ ಇರುವ ಗುರುತಿನ ದಾಖಲೆ ಬೇಕು, ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ.