ಒಬ್ಬರೇ ಗ್ರಾಹಕರು, ಮೂರು ಪಟ್ಟಿ: ಹಬ್ಬದ ಮೆಸೇಜ್ ಕಳಿಸುವ ಮುಂಚೆ ಮಾಡಬೇಕಾದ ಲೆಕ್ಕ

ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದರೆ ಸೀರೆ ಅಂಗಡಿಗಳ ಮೆಸೇಜ್ ಶುರುವಾಗುತ್ತದೆ. ಬೆಳಿಗ್ಗೆ ‘ನಮ್ಮ ವಿಶೇಷ ಗ್ರಾಹಕರಿಗೆ 10% ರಿಯಾಯಿತಿ’ ಅಂತ ಬರುತ್ತದೆ. ಸಂಜೆ ಅದೇ ಅಂಗಡಿಯಿಂದ ‘ತುಂಬಾ ದಿನದಿಂದ ಬಂದಿಲ್ಲ, ನಿಮಗಾಗಿ 20%’. ಎರಡೂ ಒಬ್ಬರಿಗೇ. ವಿಶೇಷ ಗ್ರಾಹಕರಿಗೆ ಕಡಿಮೆ, ಬಾರದವರಿಗೆ ಜಾಸ್ತಿ ಅಂತ ಅಂಗಡಿಯೇ ಹೇಳಿಕೊಟ್ಟಂತಾಯಿತು. ಬೇರೆ ಬೇರೆ ಪಟ್ಟಿಗಳಲ್ಲಿ ಒಂದೇ ಹೆಸರು ಇರುವುದನ್ನು ನೋಡದೆ ಕಳಿಸಿದರೆ ಹೀಗೇ ಆಗುತ್ತದೆ. ಅಂಗಡಿಗಳವರು ಈ ಕೆಲಸದಲ್ಲಿ ಎಡವುವುದನ್ನು ತುಂಬಾ ನೋಡಿದ್ದೇನೆ, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

1. ಪಟ್ಟಿಗಳನ್ನು ಒಂದೇ ದಿನ ತೆಗೆಯಿರಿ

ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಮೂರು ಪಟ್ಟಿ ಸಾಕು: ಮದುವೆ ಜವಳಿ ಕೊಂಡವರು, ಎರಡು ವರ್ಷದಲ್ಲಿ ಯಾವಾಗಲಾದರೂ ಹಬ್ಬಕ್ಕೆ ಕೊಂಡವರು, ಒಂದು ವರ್ಷದಿಂದ ಬಾರದವರು. ಒಂದನ್ನು ಇವತ್ತು, ಇನ್ನೊಂದನ್ನು ಮುಂದಿನ ವಾರ ತೆಗೆದರೆ ಲೆಕ್ಕ ಕೂಡುವುದಿಲ್ಲ.

2. ಫೋನ್ ನಂಬರ್ ಶುದ್ಧ ಮಾಡಿ

ಎಲ್ಲರೂ ಹಾರಿಸಿಬಿಡುವ ಹಂತ ಇದು. ಇಲ್ಲಿ ತಪ್ಪಿದರೆ ಮುಂದಿನ ಎಲ್ಲ ಅಂಕಿಯೂ ಸುಳ್ಳು.

ಹೆಸರು ಹಿಡಿದು ಹೊಂದಿಸಲು ಹೋಗಲೇಬೇಡಿ. ‘ಲಕ್ಷ್ಮಿ’ಯನ್ನು ಇಂಗ್ಲಿಷ್‌ನಲ್ಲಿ ಎಷ್ಟು ಥರ ಬರೆಯುತ್ತಾರೆ ಅಂತ ನಿಮಗೇ ಗೊತ್ತು. ನಂಬರೇ ಗುರುತು. ಆದರೆ ಒಂದೇ ನಂಬರ್ ಒಂದು ಕಡೆ ಪ್ಲಸ್ 91 ಜೊತೆ, ಇನ್ನೊಂದು ಕಡೆ ಮುಂದೆ ಸೊನ್ನೆ ಜೊತೆ, ಮತ್ತೊಂದು ಕಡೆ ನಡುವೆ ಜಾಗ ಬಿಟ್ಟು ಇರುತ್ತದೆ. ಕಂಪ್ಯೂಟರ್‌ಗೆ ಅವು ಮೂರು ಜನ.

ಮೊದಲು ಎಕ್ಸೆಲ್‌ನಲ್ಲಿ ನಂಬರ್ ಇರುವ ಕಾಲಮ್ ಅನ್ನು ‘ಟೆಕ್ಸ್ಟ್’ ಮಾಡಿ. ಇಲ್ಲದಿದ್ದರೆ 91 ಸೇರಿ 12 ಅಂಕಿಯಾದ ನಂಬರನ್ನು ಎಕ್ಸೆಲ್ 9.19 ಇ ಪ್ಲಸ್ 11 ಅನ್ನುವ ಥರ ಮೊಟಕಾಗಿ ತೋರಿಸುತ್ತದೆ. ಹಾಗೇ ಸಿಎಸ್‌ವಿ ಫೈಲ್ ಆಗಿ ಸೇವ್ ಮಾಡಿದರೆ ಉಳಿದ ಅಂಕಿಗಳು ಆ ಫೈಲ್‌ನಲ್ಲಿ ಇರುವುದೇ ಇಲ್ಲ. ಆಮೇಲೆ ಒಂದೇ ಚೌಕದಲ್ಲಿ ಎರಡು ನಂಬರ್ ಬರೆದಿರುವ ಕಡೆ ಬಿಡಿಸಿ ಬರೆಯಿರಿ. ‘ಸಬ್‌ಸ್ಟಿಟ್ಯೂಟ್’ ಫಾರ್ಮುಲಾದಿಂದ ಜಾಗ, ಅಡ್ಡಗೆರೆ ತೆಗೆಯಿರಿ. ‘ರೈಟ್’ ಫಾರ್ಮುಲಾದಿಂದ ಕೊನೆಯ 10 ಅಂಕಿ ಮಾತ್ರ ಉಳಿಸಿ. ಅಂಕಿ ಎಷ್ಟಿವೆ ಅಂತ ಎಣಿಸುವ ‘ಲೆನ್’ ಹಾಕಿ 10ಕ್ಕಿಂತ ಕಡಿಮೆ ಇರುವುದನ್ನು ಪಕ್ಕಕ್ಕಿಡಿ. ನಮ್ಮ ದೇಶದ ಮೊಬೈಲ್ ನಂಬರ್ 6, 7, 8 ಅಥವಾ 9ರಿಂದಲೇ ಶುರುವಾಗುತ್ತದೆ. ಹಾಗಿಲ್ಲದ್ದನ್ನೂ ಪಕ್ಕಕ್ಕಿಡಿ.

ಇನ್ನೂ ಮುಗಿದಿಲ್ಲ. ಗ್ರಾಹಕರು ನಂಬರ್ ಕೊಡದಿದ್ದಾಗ ಕೌಂಟರ್‌ನಲ್ಲಿರುವ ಹುಡುಗರು ಸಾಲಾಗಿ ಹತ್ತು ಒಂಬತ್ತು ಒತ್ತುತ್ತಾರೆ, ಇಲ್ಲವೇ ತಮ್ಮದೇ ನಂಬರ್ ಹಾಕುತ್ತಾರೆ. ಆ ನಂಬರ್ ಎಲ್ಲ ಪಟ್ಟಿಯಲ್ಲೂ ಕಾಣುತ್ತದೆ, ನಿಮ್ಮ ಅತಿ ದೊಡ್ಡ ಗ್ರಾಹಕರ ಹಾಗೆ ನಿಲ್ಲುತ್ತದೆ. ಅತಿ ಹೆಚ್ಚು ಬಿಲ್ ಇರುವ ಮೊದಲ 20 ನಂಬರ್ ಕಣ್ಣಾರೆ ನೋಡಿ, ಯಾರದೆಂದು ಕೇಳಿ, ಬೇಡವಾದ್ದನ್ನು ಅಳಿಸಿ.

ಮನೆಮಂದಿಗೆಲ್ಲ ಒಂದೇ ನಂಬರ್ ಇರುವುದು ನಮ್ಮಲ್ಲಿ ಸಹಜ. ಮಗಳ ಮದುವೆ ಜವಳಿಗೆ ಅಪ್ಪನ ನಂಬರ್, ಗೌರಿ ಹಬ್ಬದ ಸೀರೆಗೂ ಅದೇ ನಂಬರ್. ಅದನ್ನು ಬಿಡಿಸಲು ಹೋಗಬೇಡಿ, ಒಂದು ಮನೆ ಅಂತ ಎಣಿಸಿ. ಬಟ್ಟೆ ಅಂಗಡಿಗೆ ಮನೆಯ ಲೆಕ್ಕವೇ ಸರಿ.

3. ಯಾರು ಎಲ್ಲೆಲ್ಲಿ ಇದ್ದಾರೆ ಗುರುತು ಹಾಕಿ

ಎಲ್ಲ ನಂಬರ್ ಒಂದು ಹಾಳೆಗೆ ಹಾಕಿ, ಪ್ರತಿ ನಂಬರ್ ಒಂದೇ ಸಲ ಉಳಿಸಿ. ಪಕ್ಕದಲ್ಲಿ ಪಟ್ಟಿಗೊಂದು ಕಾಲಮ್. ‘ಕೌಂಟ್‌ಇಫ್’ ಫಾರ್ಮುಲಾ ಬಳಸಿ, ಆ ನಂಬರ್ ಆ ಪಟ್ಟಿಯಲ್ಲಿ ಇದ್ದರೆ 1, ಇಲ್ಲದಿದ್ದರೆ 0. ಮೂರನ್ನೂ ಜೋಡಿಸಿದರೆ 101, 110 ಥರದ ಕೋಡ್ ಬರುತ್ತದೆ. 101 ಅಂದರೆ ಮದುವೆ ಜವಳಿ ಕೊಂಡವರು, ಹಬ್ಬಕ್ಕೆ ಕೊಂಡಿಲ್ಲ, ವರ್ಷದಿಂದ ಬಂದಿಲ್ಲ. ಯಾವ ಕೋಡ್‌ನಲ್ಲಿ ಎಷ್ಟು ಜನ ಅಂತ ‘ಪಿವೋಟ್ ಟೇಬಲ್’ನಲ್ಲಿ ಎಣಿಸಿ. ಒಂದು ಪಟ್ಟಿಯದನ್ನು ಇನ್ನೊಂದರಲ್ಲಿ ಹುಡುಕುವ ವಿ-ಲುಕಪ್ ಫಾರ್ಮುಲಾ ಬೇಡ. ಒಂದು ಕಡೆ ಟೆಕ್ಸ್ಟ್, ಇನ್ನೊಂದು ಕಡೆ ಅಂಕಿ ಇದ್ದರೆ ಅದು ಹೊಂದಿಸುವುದಿಲ್ಲ.

ಉಂಗುರ ಮೇಲೆ ಉಂಗುರ ಬರೆಯುವ ವೆನ್ ಚಿತ್ರ ಮೂರು ಪಟ್ಟಿಗೆ ಚೆನ್ನ. ಜಾನ್ ವೆನ್ 1880ರಲ್ಲಿ ತೋರಿಸಿಕೊಟ್ಟ ವಿಧಾನ ಅದು. ಪಟ್ಟಿ ನಾಲ್ಕಾದರೆ 15 ಗುಂಪು ಆಗುತ್ತದೆ, ಆಗ ಕೋಡ್ ಟೇಬಲ್ಲೇ ಮೇಲು. ಇಷ್ಟು ಕೆಲಸಕ್ಕೆ ತಿಂಗಳ ಬಾಡಿಗೆಯ ದುಬಾರಿ ಸಾಫ್ಟ್‌ವೇರ್ ಮಾರಲು ಬಂದರೆ ಸುಮ್ನೆ ಬೇಡ ಅನ್ನಿ. ನಂಬರ್ ಶುದ್ಧ ಇಲ್ಲದಿದ್ದರೆ ಅದೂ ತಪ್ಪನ್ನೇ ಹೇಳುತ್ತದೆ.

4. ಶೇಕಡಾ ಯಾವುದರ ಮೇಲೆ ಅಂತ ನೋಡಿ

ಉದಾಹರಣೆಗೆ ಅಂಗಡಿಗೆ ಒಟ್ಟು 2,000 ಗ್ರಾಹಕರು ಅಂದುಕೊಳ್ಳಿ. ಮದುವೆ ಪಟ್ಟಿಯಲ್ಲಿ 400, ಬಾರದವರ ಪಟ್ಟಿಯಲ್ಲಿ 600, ಎರಡರಲ್ಲೂ ಇರುವವರು 200. ಮದುವೆ ಪಟ್ಟಿಯ ಕಡೆಯಿಂದ ಇದು 50%. ಬಾರದವರ ಕಡೆಯಿಂದ 33%. ಎರಡೂ ಕಡೆ ಇರುವವರನ್ನು ಒಂದೇ ಸಲ ಎಣಿಸಿದರೆ ಎರಡೂ ಪಟ್ಟಿ ಸೇರಿ 800 ಜನ, ಅದರಲ್ಲಿ 25%. ಈ ಕೊನೆಯ ಅಳತೆಯನ್ನು ಸ್ವಿಟ್ಜರ್‌ಲೆಂಡ್‌ನ ಸಸ್ಯಶಾಸ್ತ್ರಜ್ಞ ಪಾಲ್ ಜಕ್ಕಾರ್ ಆಲ್ಪ್ಸ್ ಪರ್ವತದ ಗಿಡಗಳನ್ನು ಹೋಲಿಸಲು 1901ರ ಹೊತ್ತಿಗೆ ಬಳಸಿದ್ದರು. ಎರಡು ಪಟ್ಟಿ ಎಷ್ಟು ಒಂದೇ ಥರ ಅಂತ ತಿಳಿಯಲು ಅದು ಸರಿ. ವ್ಯಾಪಾರದ ತೀರ್ಮಾನಕ್ಕೆ ಸಾಲದು.

ಕೇಳಬೇಕಾದ ಪ್ರಶ್ನೆ ಬೇರೆ. ಒಟ್ಟು 2,000 ಜನರಲ್ಲಿ ಬಾರದವರು 30%. ಮದುವೆ ಪಟ್ಟಿಯಲ್ಲಿ 50%. ಅಂದರೆ ಮದುವೆ ಗ್ರಾಹಕರು ಉಳಿದವರಿಗಿಂತ ಜಾಸ್ತಿ ಬಿಟ್ಟು ಹೋಗುತ್ತಿದ್ದಾರೆ. ಈಗ ಹಬ್ಬದ ಪಟ್ಟಿ ನೋಡಿ: 1,000 ಜನ, ಒಟ್ಟಿನಲ್ಲಿ 50%. ಮದುವೆ ಪಟ್ಟಿಯವರಲ್ಲೂ 200 ಜನ ಅದರಲ್ಲಿದ್ದರೆ ಅದೂ 50%. ಅಲ್ಲಿ ವಿಶೇಷ ಏನೂ ಇಲ್ಲ. ಎರಡು ಕಡೆಯೂ 200 ಜನವೇ, ಆದರೆ ಗಮನ ಕೊಡಬೇಕಾದ್ದು ಮೊದಲಿನದಕ್ಕೆ.

ಕೆಲವು ಪಟ್ಟಿಗಳಲ್ಲಿ ಒಂದೇ ಹೆಸರು ಬರಲೇಬಾರದು. ‘ಈ ವರ್ಷ ಕೊಂಡವರು’, ‘ಈ ವರ್ಷ ಬಾರದವರು’ ಎರಡರಲ್ಲೂ ಒಬ್ಬರೇ ಕಂಡರೆ 2ನೇ ಹಂತಕ್ಕೆ ವಾಪಸ್ ಹೋಗಿ.

5. ಯಾವ ಮೆಸೇಜ್ ಗೆಲ್ಲಬೇಕು, ತೀರ್ಮಾನಿಸಿ

‘ರಿಮೂವ್ ಡೂಪ್ಲಿಕೇಟ್ಸ್’ ಒತ್ತಿ ಕೈತೊಳೆದುಕೊಳ್ಳುವವರೇ ಜಾಸ್ತಿ. ಅದು ಮೊದಲ ಸಾಲು ಉಳಿಸಿ ಉಳಿದದ್ದನ್ನು ಅಳಿಸುತ್ತದೆ. ಯಾವ ಪಟ್ಟಿ ಮೇಲಿತ್ತೋ ಅದೇ ಗೆಲ್ಲುತ್ತದೆ. ನಿಮ್ಮ ತೀರ್ಮಾನ ಅಲ್ಲಿ ಏನೂ ಇರುವುದಿಲ್ಲ.

ನನ್ನ ಕ್ರಮ ಇದು. ಕುಚ್ಚು ಕಟ್ಟಿಸಲು, ಫಾಲ್ ಹಾಕಿಸಲು ಕೊಟ್ಟು ಕಾಯುತ್ತಿರುವವರಿಗೆ ‘ಸೀರೆ ರೆಡಿ ಇದೆ’ ಅನ್ನುವ ಮೆಸೇಜ್ ಮಾತ್ರ. ಅವರಿಗೆ ಆ ವಾರ ರಿಯಾಯಿತಿ ಮಾತು ಬೇಡ. ಆಮೇಲೆ ಬಿಟ್ಟು ಹೋದ ಮದುವೆ ಗ್ರಾಹಕರು. ಅವರಿಗೆ ಸಾಧ್ಯವಾದರೆ ಫೋನ್ ಮಾಡಿ, ಮದುಮಗಳ ಮೊದಲ ಗೌರಿ ಹಬ್ಬ ನೆನಪಿಸಿ. ಕೊನೆಗೆ ಉಳಿದವರಿಗೆ ಹಬ್ಬದ ಮೆಸೇಜ್. ಒಬ್ಬರಿಗೆ ವಾರಕ್ಕೆ ಒಂದೇ.

ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ ಇದೆ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ.

6. ಮಾರಾಟವನ್ನು ಎರಡು ಸಲ ಎಣಿಸಬೇಡಿ

ಎರಡು ಮೆಸೇಜ್ ಹೋದ ಮನೆಯವರು ಒಂದು ಸೀರೆ ಕೊಂಡರೆ ಎರಡೂ ಪಟ್ಟಿ ‘ನನ್ನಿಂದ ಬಂತು’ ಅನ್ನುತ್ತದೆ. ಬಿಲ್ ನಂಬರ್ ಹಿಡಿದು ಎಣಿಸಿ. ಪ್ರತಿ ಗುಂಪಿನಲ್ಲೂ ಹತ್ತರಲ್ಲಿ ಒಬ್ಬರಿಗೆ ಚೀಟಿ ಎತ್ತಿದ ಹಾಗೆ ಆರಿಸಿ ಏನೂ ಕಳಿಸದೆ ಇಡಿ. ಅವರೂ ಅಷ್ಟೇ ಕೊಂಡರೆ ಮೆಸೇಜ್‌ನಿಂದ ಲಾಭವಾಗಿಲ್ಲ ಅಂತ ಗೊತ್ತಾಗುತ್ತದೆ.

ಹೊರಗಿನವರು ಮಾರುವ ನಂಬರ್ ಪಟ್ಟಿ ಕೊಳ್ಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಗ್ರಾಹಕರ ಒಪ್ಪಿಗೆಗೆ ಬೆಲೆ ಕೊಡುತ್ತದೆ. ಮೆಸೇಜ್ ಬೇಡ ಅಂದವರಿಗಾಗಿ ನಿಮ್ಮ ಹಾಳೆಯಲ್ಲಿ ಇನ್ನೊಂದು ಕಾಲಮ್ ಇಡಿ. ಒಂದು ಪಟ್ಟಿಗೆ ಬೇಡ ಅಂದವರನ್ನು ಎಲ್ಲ ಪಟ್ಟಿಯಿಂದಲೂ ತೆಗೆಯಿರಿ. ಕಳಿಸುವ ಗುಂಡಿ ಒತ್ತುವ ಮುಂಚೆ ಕೊನೆಯದಾಗಿ ನೋಡಬೇಕಾದ ಕಾಲಮ್ ಅದೇ.