ಎರಡನೇ ಬಾರಿ ಕಾಯಿಸಿದ ಬಿಟುಮೆನ್: ನನ್ನ ಅನುಭವ

ಆಡುಮಾತಿನಲ್ಲಿ ನಾವು ಡಾಂಬರು ಎನ್ನುವ ಪೆಟ್ರೋಲಿಯಂ ಬಿಟುಮೆನ್ನಿನ ಪರೀಕ್ಷೆಗೆ ಕೈಹಾಕಿದ ಮೊದಲ ವರ್ಷದಲ್ಲಿ, ಒಂದೇ ಡಬ್ಬಿಯ ಮಾದರಿ ನನಗೆ ಎರಡು ಬೇರೆ ಉತ್ತರಗಳನ್ನು ಕೊಟ್ಟಿತು. ಸೋಮವಾರ 66 ಬಂದಿದ್ದ ಪೆನೆಟ್ರೇಷನ್ ಗುರುವಾರದ ಹೊತ್ತಿಗೆ 54ಕ್ಕೆ ಇಳಿದಿತ್ತು. 25 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ, ಒಟ್ಟು 100 ಗ್ರಾಂ ಭಾರದ ಸೂಜಿ 5 ಸೆಕೆಂಡುಗಳಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಹೇಳುವ ಪರೀಕ್ಷೆ ಇದು; ಅಂಕಿ ಇಳಿದರೆ ಬಿಟುಮೆನ್ ಗಟ್ಟಿಯಾಗಿದೆ ಎಂದರ್ಥ. ಸೂಜಿ ಬದಲಿಸಿದೆ, ನೀರಿನ ತೊಟ್ಟಿಯ ತಾಪಮಾನವನ್ನು ಬೇರೆ ಥರ್ಮಾಮೀಟರಿನಿಂದ ನೋಡಿದೆ, ಅಂಕಿ ಕದಲಲಿಲ್ಲ. ತಪ್ಪು ಇದ್ದದ್ದು ನಾನು ಡಬ್ಬಿಯನ್ನು ಕಾಯಿಸಿದ ರೀತಿಯಲ್ಲಿ.

ಪ್ರತಿ ಪರೀಕ್ಷೆಗೂ ಇಡೀ ಡಬ್ಬಿಯನ್ನೇ ಹಾಟ್‌ಪ್ಲೇಟಿನ ಮೇಲಿಟ್ಟು ಕರಗಿಸುತ್ತಿದ್ದೆ. ಬಿಟುಮೆನ್ನಿನಲ್ಲಿ ಶಾಖ ಬಹಳ ನಿಧಾನವಾಗಿ ಹರಿಯುತ್ತದೆ; ಅದರ ಉಷ್ಣವಾಹಕತೆ ನೀರಿನದರ ಸುಮಾರು ಕಾಲು ಭಾಗದಷ್ಟು ಮಾತ್ರ. ಹೀಗಾಗಿ ನಡುವಿನ ಮುದ್ದೆ ಇನ್ನೂ ಗಟ್ಟಿಯಾಗಿರುವಾಗಲೇ ತಳದ ಪದರ ಮಿತಿಮೀರಿ ಕಾದು, ಅಂಚಿನಿಂದ ತೆಳುವಾದ ನೀಲಿ ಹೊಗೆ ಏಳುತ್ತಿತ್ತು. ಬೇಗ ಕರಗಲೆಂದು ನಾನು ಜೋರಾಗಿ ಕಲಕಿದಾಗಲೆಲ್ಲ ಬಿಸಿ ದ್ರವದೊಳಕ್ಕೆ ಗಾಳಿಯನ್ನೂ ಸೇರಿಸುತ್ತಿದ್ದೆ.

ಆ ಗಾಳಿಯ ಆಮ್ಲಜನಕವೇ ಗಡಸುತನಕ್ಕೆ ಕಾರಣ. ಬಿಟುಮೆನ್ ಒಂದೇ ಸಂಯುಕ್ತವಲ್ಲ. ಸ್ಯಾಚುರೇಟ್‌ಗಳು, ಆರೊಮ್ಯಾಟಿಕ್‌ಗಳು, ರೆಸಿನ್‌ಗಳು ಮತ್ತು ಆಸ್ಫಾಲ್ಟೀನ್‌ಗಳು ಎಂಬ ನಾಲ್ಕು ಬಗೆಯ ಅಣುಗಳು ಒಂದರೊಳಗೊಂದು ಬೆರೆತ ಮಿಶ್ರಣ. ಮಾದರಿಯ ಚೂರೊಂದನ್ನು ಹೆಪ್ಟೇನ್ ಎಂಬ ದ್ರಾವಕದಲ್ಲಿ ಕದಡಿ ಸೋಸಿದರೆ ಆಸ್ಫಾಲ್ಟೀನ್ ಮಾತ್ರ ಸೋಸುಕಾಗದದ ಮೇಲೆ ಕಪ್ಪು ಪುಡಿಯಾಗಿ ಉಳಿಯುತ್ತದೆ, ಅದಕ್ಕೆ ಟೊಲ್ಯೀನ್ ಎಂಬ ಇನ್ನೊಂದು ದ್ರಾವಕ ಹಾಕಿದ ಕೂಡಲೇ ಕರಗಿ ಕಾಗದದಿಂದ ಇಳಿದುಹೋಗುತ್ತದೆ. ಆಮ್ಲಜನಕ ಸೇರುವ ಈ ಉತ್ಕರ್ಷಣೆಯಿಂದ ಅಣುಗಳಲ್ಲಿ ಕೀಟೋನ್ ಮತ್ತು ಸಲ್ಫಾಕ್ಸೈಡ್ ಎಂಬ ಆಮ್ಲಜನಕಯುಕ್ತ ಗುಂಪುಗಳು ಹುಟ್ಟಿ, ಅಣುಗಳ ಪರಸ್ಪರ ಸೆಳೆತ ಹೆಚ್ಚುತ್ತದೆ; ಆರೊಮ್ಯಾಟಿಕ್ ಪಾಲು ಕುಗ್ಗುತ್ತದೆ, ಗಡಸು ಕೊಡುವ ಆಸ್ಫಾಲ್ಟೀನ್ ಪಾಲು ಹಿಗ್ಗುತ್ತದೆ. ನನ್ನ ಎರಡು ಮಾದರಿಗಳನ್ನು ಹೀಗೆ ಸೋಸಿ, ಒಣಗಿಸಿ ತೂಗಿದಾಗ ಗುರುವಾರದ್ದರಲ್ಲಿ ಪುಡಿ ಸ್ಪಷ್ಟವಾಗಿ ಹೆಚ್ಚಿತ್ತು. ತಣ್ಣಗೆ ಇಟ್ಟಿದ್ದರಿಂದ ಬರುವ ಗಡಸುತನವೂ ಒಂದುಂಟು. ಅದು ಮತ್ತೆ ಕಾಯಿಸಿದಾಗ ಹೋಗುತ್ತದೆ, ಆಮ್ಲಜನಕದಿಂದ ಬಂದದ್ದು ಹೋಗುವುದಿಲ್ಲ. ಈ ಎರಡನ್ನೂ ಒಂದೇ ಎಂದು ತಿಳಿಯುವವರು ಇದ್ದಾರೆ, ಅದು ಸರಿಯಲ್ಲ.

ಖಚಿತಪಡಿಸಿಕೊಳ್ಳಲು ತಾಜಾ ಮಾದರಿಯ 50 ಗ್ರಾಂ ಅನ್ನು ಸುಮಾರು 3 ಮಿಲಿಮೀಟರ್ ದಪ್ಪದ ಪದರವಾಗಿ ಹರಡಿ, 163 ಡಿಗ್ರಿಯಲ್ಲಿ 5 ಗಂಟೆ ತೆಳುಪದರದ ಓವನ್ನಿನಲ್ಲಿಟ್ಟೆ. ಪೆನೆಟ್ರೇಷನ್ ಇಳಿಯಿತು. ಉಂಗುರದಲ್ಲಿ ತುಂಬಿದ ಬಿಟುಮೆನ್ ಮೆತ್ತಗಾಗಿ ಮೇಲಿಟ್ಟ ಉಕ್ಕಿನ ಗುಂಡು ಕೆಳಗೆ ಜಾರುವ ತಾಪಮಾನ, ಅಂದರೆ ಮೃದುತಾ ಬಿಂದು, 49ರಿಂದ 54 ಡಿಗ್ರಿಗೆ ಏರಿತು. ಓವನ್ನಿನಲ್ಲಿ ಬೇಕೆಂದೇ ಮಾಡುವ ಈ ಗಟ್ಟಿಗೊಳಿಸುವ ಕೆಲಸವನ್ನು ನಾನು ಹಾಟ್‌ಪ್ಲೇಟಿನ ಮೇಲೆ ತಿಳಿಯದೆ ಮಾಡುತ್ತಿದ್ದೆ.

ಅಂದಿನಿಂದ ಮಾದರಿ ಬಂದ ದಿನವೇ ಅದನ್ನು ಒಮ್ಮೆ ಮಾತ್ರ ಕಾಯಿಸಿ, ಮೇಲೆ ಗಾಳಿಗೆ ಜಾಗ ಉಳಿಯದಂತೆ ಸಣ್ಣ ಡಬ್ಬಿಗಳಿಗೆ ತುಂಬಿ ಮುಚ್ಚಳ ಹಾಕುತ್ತೇನೆ. ಪರೀಕ್ಷೆಗೆ ಬೇಕಾದ ಒಂದು ಡಬ್ಬಿಯನ್ನಷ್ಟೇ ಓವನ್ನಿನಲ್ಲಿ, ಮೃದುತಾ ಬಿಂದುವಿಗಿಂತ 90 ಡಿಗ್ರಿಗೂ ಹೆಚ್ಚು ಮೇಲೆ ಹೋಗದಂತೆ ಕರಗಿಸಿ, ಗುಳ್ಳೆ ಏಳದಂತೆ ನಿಧಾನವಾಗಿ ಕಲಕುತ್ತೇನೆ. ನೀರಿನ ಪಸೆ ಇರುವ ಮಾದರಿಯಾದರೆ ಇನ್ನೂ ಎಚ್ಚರ ಬೇಕು: ನೀರು ಆವಿಯಾದಾಗ ಅದರ ಗಾತ್ರ 1,600 ಪಟ್ಟಿಗೂ ಹೆಚ್ಚಾಗುವುದರಿಂದ ಬಿಸಿ ಬಿಟುಮೆನ್ ನೊರೆಯಾಗಿ ಉಕ್ಕಿ ಕೈ ಸುಡುತ್ತದೆ.

ಹೀಗೆ ತುಂಬಿಟ್ಟ ಸಣ್ಣ ಡಬ್ಬಿಗಳಲ್ಲಿ ಕೊನೆಯದನ್ನು ಎರಡು ತಿಂಗಳ ನಂತರ ತೆರೆದಾಗ ಪೆನೆಟ್ರೇಷನ್ 65 ಬಂತು. ಈಗ ಪ್ರತಿ ಡಬ್ಬಿಯ ಮೇಲೂ ದಿನಾಂಕದ ಪಕ್ಕದಲ್ಲಿ ಎಷ್ಟು ಬಾರಿ ಕಾಯಿಸಿದ್ದೆಂದು ಬರೆದಿಡುತ್ತೇನೆ.